ತುಟಿ ಬಿಸಿಯಾಗೋ ಮುಂಚೆ

ಮೊದಲೇ ಹೇಳಿಬಿಡ್ತೀನಿ, ಹಿತ್ತಾಳೆ ವಾದ್ಯಾನ ಬೆಂಕಿಗೆ ಹಿಡೀಬಾರದು. ನಗಬೇಡಿ. ನಾನು ಹಿಡಿದಿದ್ದೀನಿ.

ಬ್ಯಾಂಡ್ ಸೆಟ್ಟು ಸೇರಬೇಕು ಅಂತ ಈಗಲೂ ಅಲ್ಲೊಬ್ಬರು ಇಲ್ಲೊಬ್ಬರು ಹುಡುಗರು ನನ್ನ ಹತ್ತಿರ ಬರ್ತಾರೆ. ಬಂದವರೆಲ್ಲ ಕೇಳೋದು ಒಂದೇ ಮಾತು, ‘ಯಾವ ಹಾಡು ಮೊದಲು ಕಲಿಸ್ತೀರಾ ಸಾ?’ ಅಂತ. ಹಾಡು ಯಾರು ಬೇಕಾದ್ರೂ ಕಲಿಸ್ತಾರೆ ಕಣ್ರಪ್ಪ. ಊದೋಕೆ ಮುಂಚೆ ಏನು ಮಾಡಬೇಕು ಅನ್ನೋದನ್ನ ಹೇಳೋರು ಈ ಸೀಮೇಲಿ ಈಗ ಇಲ್ಲ. ಅದನ್ನ ಬರೆದಿಡೋಣ ಅಂತ ಕೂತಿದ್ದೀನಿ. ಬರೀತಾ ಬರೀತಾ ಅದು ಸಿದ್ದರಾಜು ವಿಷಯಕ್ಕೇ ಹೋಗಿ ನಿಲ್ಲುತ್ತೆ ಅಂತ ನನಗೆ ಗೊತ್ತು. ಹೋಗಲಿ ಬಿಡಿ.

ನಮ್ಮದು ಚನ್ನರಾಯಪಟ್ಟಣದಿಂದ ಆಚೆ, ದಂಡಿಗನಹಳ್ಳಿ ಕಡೆ. ನಾನೂ ಸಿದ್ದರಾಜೂ ಒಂದೇ ಕೇರಿ, ಒಂದೇ ವಯಸ್ಸು. ನಮ್ಮಪ್ಪ, ಅವರಪ್ಪ, ಅವರ ಹಿಂದಿನೋರು ಎಲ್ಲಾ ತಮಟೆ ಬಡಿದೋರು. ತಮಟೆ ಅಂದ್ರೆ ಚರ್ಮ ನೋಡಿ, ಥಂಡಿ ತಗುಲಿದ್ರೆ ಸಡಿಲ ಆಗಿ ಬದ್ ಬದ್ ಅನ್ನುತ್ತೆ. ಅದಕ್ಕೆ ಬಡಿಯೋ ಮುಂಚೆ ಒಂದು ಹಿಡಿ ಹುಲ್ಲು ಹಚ್ಚಿ ಕಾಯಿಸ್ತಾರೆ. ಬೆಂಕಿ ಕಂಡ ತಮಟೆ ಟಣ್ ಅನ್ನುತ್ತೆ. ಹುಟ್ಟಿದಾಗಿಂದ ನಾವು ಕಂಡಿದ್ದು ಅದೇ.

ಚನ್ನರಾಯಪಟ್ಟಣದಲ್ಲಿ ಶಿವನಂಜಪ್ಪ ಅಂತ ತೆಂಗಿನಕಾಯಿ ಮಂಡಿ ಸಾಹುಕಾರರು ಬ್ಯಾಂಡ್ ಸೆಟ್ಟು ಕಟ್ಟಿದಾಗ ನಾವಿಬ್ಬರೂ ಸೇರಿದ್ವಿ. ಸಿದ್ದರಾಜುಗೆ ಟ್ರಂಪೆಟ್ಟು. ನನಗೆ ಯುಫೋನಿಯಂ, ಮಗು ಎತ್ತಿಕೊಂಡ ಹಾಗೆ ಎದೆಗೆ ಅವುಚಿಕೊಂಡು ಊದೋ ದೊಡ್ಡ ವಾದ್ಯ. ಕಲಿಸೋಕೆ ಗಫೂರ್ ಮಾಸ್ತರು ಅಂತ ಮೈಸೂರಿನವರು ಬಂದಿದ್ರು. ಮೊದಲನೇ ಮದುವೆಗೆ ಹೋದ ದಿನ ಮಾಸ್ತರು, ‘ಎಲ್ಲಾರೂ ವಾದ್ಯ ಬಿಸಿ ಮಾಡ್ಕೊಳ್ಳಿ, ಬರ್ತೀನಿ’ ಅಂತ ಹೇಳಿ ಟೀ ಕುಡಿಯೋಕೆ ಹೋದ್ರು. ಇನ್ನೇನು, ನಾವು ಮದುವೆ ಮನೆ ಹಿಂದೆ ತೆಂಗಿನ ಗರಿ ಗುಡ್ಡೆ ಹಾಕಿ ಹಚ್ಚಿದ್ವಿ. ಸುತ್ತ ಕೂತು ಒಬ್ಬೊಬ್ಬರೇ ವಾದ್ಯಾನ ಚೆನ್ನಾಗಿ ತಿರುಗಿಸಿ ತಿರುಗಿಸಿ ಕಾಯಿಸಿದ್ವಿ. ಸಿದ್ದರಾಜು ಅಂತೂ ಬದನೆಕಾಯಿ ಸುಟ್ಟ ಹಾಗೆ ಸುಟ್ಟ. ನನ್ನ ಯುಫೋನಿಯಮ್ಮಿನ ಬೆಸುಗೆ ಬಿಟ್ಟು ಒಂದು ಕೊಳವೆ ಜೋತು ಬಿತ್ತು. ಅವನ ಟ್ರಂಪೆಟ್ಟಿನ ಗುಂಡಿಗಳು ಒಳಗೇ ಕಚ್ಚಿಕೊಂಡ್ವು. ಸಾಲದ್ದಕ್ಕೆ ಕಾದ ಹಿತ್ತಾಳೆ ಬಾಯಿಗಿಟ್ಟು ಅಯ್ಯಯ್ಯಪ್ಪಾ ಅಂತ ಕುಣಿದಾಡಿಬಿಟ್ಟ.

ಮಾಸ್ತರು ಬಂದು ನೋಡಿದವರು ತಲೆ ಮೇಲೆ ಕೈ ಹೊತ್ತು ನಿಂತ್ರು. ‘ಅರೇ ಖುದಾ! ಅದು ತಮಟೆ ಅಲ್ಲ ಕಣ್ರೋ! ಇದು ಬಿಸಿ ಆಗೋದು ಹೊರಗಿಂದ ಅಲ್ಲ, ಒಳಗಿಂದ!’ ಅಂದ್ರು. ಆ ದಿನ ಕ್ಲಾರಿನೆಟ್ಟು, ಡ್ರಮ್ಮು ಎರಡರಲ್ಲೇ ಮದುವೆ ಮುಗೀತು. ಸಾಹುಕಾರರು ಬೈದ ಬೈಗುಳ ಇಲ್ಲಿ ಬರೆಯೋ ಹಾಗಿಲ್ಲ.

ಆಮೇಲೆ ಮಾಸ್ತರು ನಮ್ಮನ್ನ ಮಂಡಿ ಹಿಂದಿನ ಕೊಟ್ಟಿಗೇಲಿ ಕೂಡಿಹಾಕಿಕೊಂಡು ಕಲಿಸಿದ್ದು ನೋಡಿ ನಿಜವಾದ ವಿದ್ಯೆ. ವಾದ್ಯ ಮುಟ್ಟೋ ಹಾಗೇ ಇಲ್ಲ. ಗೋಣಿಚೀಲದ ಮೇಲೆ ಅಂಗಾತ ಮಲಗಬೇಕು. ಹೊಟ್ಟೆ ಮೇಲೆ ಒಂದು ಸುಲಿದ ತೆಂಗಿನಕಾಯಿ. ಉಸಿರು ತಗೊಂಡ್ರೆ ಕಾಯಿ ಮೇಲೇಳಬೇಕು, ಬಿಟ್ರೆ ನಿಧಾನಕ್ಕೆ ಇಳೀಬೇಕು, ಉರುಳಬಾರದು. ಎದೆ ಉಬ್ಬಿಸಿದ್ರೆ, ಭುಜ ಎತ್ತಿದ್ರೆ ಬೆತ್ತದಲ್ಲಿ ಮೆಲ್ಲಗೆ ಒಂದು ಬೀಳೋದು. ‘ಭುಜಕ್ಕೆ ಯಾಕಪ್ಪ ಕೆಲಸ ಕೊಡ್ತೀಯ? ಅದು ಮೂಟೆ ಹೊರೋಕೆ. ದಮ್ಮು ಇರೋದು ಹೊಟ್ಟೇಲಿ’ ಅನ್ನೋರು. ಮಂಡಿ ಹಮಾಲಿಗಳು ಕಿಟಕೀಲಿ ಇಣುಕಿ, ‘ಏನ್ರೋ, ಎರ್‍ಗೆ ನೋವಾ?’ ಅಂತ ಕಿಚಾಯಿಸೋರು.

ಅದಾದ ಮೇಲೆ ತುಟಿ. ಕುದುರೆ ಮಾಡುತ್ತಲ್ಲ, ಬ್ರುರ್ರ್ ಅಂತ, ಹಾಗೆ ತುಟಿ ಸಡಿಲ ಬಿಟ್ಟು ಅಲುಗಿಸಬೇಕು. ಆಮೇಲೆ ವಾದ್ಯದಿಂದ ಬಾಯಿಗಿಡೋ ತುಣುಕು ಮಾತ್ರ ಬಿಚ್ಚಿಕೊಂಡು ಅದರಲ್ಲಿ ಝೇಂಕರಿಸಬೇಕು. ನಾವು ಅದಕ್ಕೆ ಬಾಯಿಪೀಸು ಅಂತಿದ್ವಿ. ಆಮೇಲೆ ವಾದ್ಯಕ್ಕೆ ಬರೀ ಉಸಿರು ಕೊಡಬೇಕು, ದನಿ ಇಲ್ಲದೆ, ಕನ್ನಡಿ ಮೇಲೆ ಹಾ ಅಂತ ಊದ್ತೀವಲ್ಲ ಹಂಗೆ. ಲೋಹ ಬೆಚ್ಚಗಾಗೋದು ಆಗ. ಕೊನೆಗೆ ಕೆಳಗಿನ ಸ್ವರ, ಮೆತ್ತಗೆ, ಉದ್ದಕ್ಕೆ, ಉಸಿರು ಮುಗಿಯೋವರೆಗೂ. ಇಷ್ಟು ಆದ ಮೇಲೇ ಹಾಡು. ಕೆಲಸ ಮುಗಿದ ಮೇಲೂ ಬಾಯಿ ತಣಿಯೋಕೆ ಮತ್ತೆ ಒಂದಿಷ್ಟು ಕೆಳಗಿನ ಸ್ವರ. ತಣ್ಣಗಿರೋ ತುಟಿಗೆ ಮೇಲಿನ ಸ್ವರ ಕೇಳಿದ್ರೆ ಅದು ಕೊಡಲ್ಲ. ಆಗ ಏನು ಮಾಡ್ತೀವಿ ಅಂದ್ರೆ ವಾದ್ಯಾನ ತುಟಿಗೆ ಒತ್ತುತ್ತೀವಿ. ಒತ್ತಿದ್ರೆ ಸ್ವರ ಬರುತ್ತೆ, ಬರದೇ ಏನು. ಆದ್ರೆ ಹಲ್ಲಿಗೂ ಹಿತ್ತಾಳೆಗೂ ನಡುವೆ ಸಿಕ್ಕಿಕೊಂಡ ತುಟಿ ಎಷ್ಟು ದಿನ ತಡೆಯುತ್ತೆ?

ಇದರಲ್ಲೆಲ್ಲಾ ನಮ್ಮಲ್ಲಿ ಎತ್ತಿದ ಕೈ ಸಿದ್ದರಾಜುದೇ. ಟ್ರಂಪೆಟ್ಟನ್ನ ಬೆರಳಲ್ಲಿ ಬಿಗಿಯಾಗಿ ಹಿಡಿಯದೆ, ಅಂಗೈ ಮೇಲೆ ಸುಮ್ಮನೆ ಇಟ್ಟುಕೊಂಡು ಮೇಲಿನ ಸ್ವರ ಊದೋನು. ಒತ್ತೋ ಮಾತೇ ಇಲ್ಲ, ಬರೀ ದಮ್ಮು. ಮಾಸ್ತರು ಕಣ್ಣು ಮುಚ್ಚಿ ಕೇಳೋರು. ನನಗೆ ಆಗ ಹೊಟ್ಟೆಕಿಚ್ಚಾಗಿತ್ತು, ಯಾಕೆ ಸುಳ್ಳು ಹೇಳಲಿ.

ಬ್ಯಾಂಡಿನ ಉಡುಪು ಬಂದಿದ್ದು ಆಮೇಲೆ. ಕೆಂಪು ಕೋಟು, ಭುಜಕ್ಕೆ ಜರಿ, ತಲೆಗೆ ಟೋಪಿ, ಕಾಲಿಗೆ ಬೂಟು. ಸಾಹುಕಾರರು ಕೋಪಿಷ್ಠರೇ ಆದ್ರೂ ಬೂಟು ಮಾತ್ರ ಒಳ್ಳೇದೇ ಕೊಡಿಸಿದ್ರು. ನಮ್ಮಪ್ಪಂದಿರು ತಮಟೆ ಹಿಡಿದು ಹೋದ್ರೆ ಬೀದಿ ಕೊನೇಲಿ ನಿಲ್ಲಬೇಕಿತ್ತು. ನಾವು ಕೋಟು ಹಾಕಿಕೊಂಡು ಹೋದ್ರೆ ಅದೇ ಬೀದಿಯೋರು, ‘ಬನ್ನಿ, ಮುಂದಕ್ಕೆ ಬನ್ನಿ’ ಅಂತಿದ್ರು. ಊಟಕ್ಕೆ ಕೊನೇ ಪಂಕ್ತಿ ಅನ್ನೋದು ತಪ್ಪಲಿಲ್ಲ, ಅದು ಬೇರೆ. ಸಿದ್ದರಾಜು ಕನ್ನಡಿ ಮುಂದೆ ನಿಂತು ಟೋಪಿ ಸರಿ ಮಾಡ್ಕೊಂಡು ನನಗೆ ಹೇಳಿದ್ದ: ‘ನೋಡ್ಲಾ ಕೆಂಪಾ, ನಮ್ಮಪ್ಪ ಬಡೀತಾ ಬಡೀತಾ ಬಗ್ಗೋದ. ನಾನು ಬಗ್ಗಾಕಿಲ್ಲ ಕಣ. ಊದೋನು ತಲೆ ಎತ್ತೇ ಊದ್ಬೇಕು.’ ಅವನಿಗೆ ಟ್ರಂಪೆಟ್ಟು ಅಂದ್ರೆ ಬರೀ ಕೂಲಿ ಆಗಿರಲಿಲ್ಲ. ಇದನ್ನ ನೀವು ಮರೀಬೇಡಿ, ಮುಂದಿನದೆಲ್ಲಾ ಇದರ ಮೇಲೇ ನಿಂತಿದೆ.

ಎಲ್ಲಾ ಕೆಟ್ಟಿದ್ದು ಹೊಳೆನರಸೀಪುರದ ಒಂದು ಮದುವೇಲಿ. ಬೆಳಗಿನ ಮುಹೂರ್ತ. ಮಾಸ್ತರು ನಮ್ಮನ್ನ ಮನೆ ಪಕ್ಕದ ಜಗಲಿ ಮೇಲೆ ಸಾಲಾಗಿ ನಿಲ್ಲಿಸಿ ಕೆಳಗಿನ ಸ್ವರ ಹಿಡಿಸಿದ್ರು. ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಅಷ್ಟೂ ವಾದ್ಯ ಒಂದೇ ಸ್ವರದಲ್ಲಿ ಮೆಲ್ಲಗೆ ಊ ಅಂತ ಹಿಡಿದ್ರೆ ಎಷ್ಟು ಚಂದ ಗೊತ್ತಾ? ನನಗೆ ಚಂದ. ಮದುವೆ ಮನೆಯೋರಿಗೆ? ಹೆಣ್ಣಿನ ಅಜ್ಜಿ ತಲೆಗೆ ಎಣ್ಣೆ ಹಚ್ಚಿಕೊಂಡಿದ್ದವರು ಹಾಗೇ ಸೆರಗು ಹೊದ್ದು ಓಡಿ ಬಂದ್ರು.

‘ಯಾರ್ ಸತ್ತೋದ್ರಪ್ಪ? ಒಳ್ಳೆ ಗಳಿಗೇಲಿ ಮನೆ ಮುಂದೆ ನಿಂತ್ಕಂಡು ಎಣ ಎತ್ತೋ ರಾಗ ಊದ್ತೀರಲ್ಲಾ, ನಿಮ್ ಬಾಯಿಗೆ ಮಣ್ಣಾಕ!’

ಆಯಮ್ಮನ ತಪ್ಪೂ ಇಲ್ಲ. ಮದುವೆಗೆ ಹೋಗೋ ನಾವೇ ಸಾವಿಗೂ ಹೋಗ್ತಿದ್ವಿ. ಸಾವಿನ ಮುಂದೆ ಊದೋದು ಅಂಥದ್ದೇ ಉದ್ದನೆಯ ನಿಧಾನದ ಸ್ವರ. ಊರಿನ ಕಿವಿಗೆ ಎರಡೂ ಒಂದೇ. ಹೆಣ್ಣಿನ ಅಪ್ಪ ಬಂದ, ಗಂಡಿನ ಚಿಕ್ಕಪ್ಪ ಬಂದ, ಪುರೋಹಿತರೂ ಬಂದು ಏನೋ ಶಾಂತಿ ಮಾಡಿಸಬೇಕು ಅಂದ್ರು. ಸುದ್ದಿ ನಾವು ಊರು ಮುಟ್ಟೋ ಮುಂಚೆ ಸಾಹುಕಾರರಿಗೆ ಮುಟ್ಟಿತ್ತು.

‘ನಾಳೆಯಿಂದ ಯಾವನೂ ಮದುವೆ ಮನೆ ಹತ್ರ ಆ ಊಂಗುಟ್ಟೋ ದನಿ ತೆಗೀಬಾರದು. ಕರೆದಾಗ ಎದ್ದು ಹಾಡು ಊದಿ, ಮುಗೀತು’ ಅಂದ್ರು ಶಿವನಂಜಪ್ಪನವರು.

ಮಾಸ್ತರು ವಾದ ಹಾಕಿದ್ರು. ‘ಸ್ವಲ್ಪ ಹೊತ್ತು ಕೊಡಿ ಸಾಹುಕಾರ್ರೆ. ತುಟಿ ಅನ್ನೋದು ಮಾಂಸ. ಹುಡುಗರ ಬಾಯಿ ಹಾಳಾಗುತ್ತೆ.’

‘ಬಾಯಿ ಹಾಳಾದ್ರೆ ಔಷಧಿ ಕೊಡಿಸ್ತೀನಿ ಮಾಸ್ತರೇ. ಹೆಸರು ಹಾಳಾದ್ರೆ ಯಾವ ಅಂಗಡೀಲಿ ಕೊಡಿಸ್ಲಿ? ಸಾವಿನ ಬ್ಯಾಂಡು ಅಂತ ಒಂದ್ಸಲ ಅನ್ನಿಸಿಕೊಂಡ್ರೆ ಯಾರು ಕರೀತಾರೆ?’

ನಾನೂ ಬಾಯಿ ಹಾಕಿದೆ. ಊರಾಚೆ ಎಲ್ಲಾದ್ರೂ ಹೋಗಿ ಮಾಡ್ಕೊಂಡು ಬರ್ತೀವಿ, ವ್ಯಾನು ಸ್ವಲ್ಪ ಮುಂಚೆ ಬಿಡಿ ಅಂದೆ. ‘ಡೀಸೆಲ್ ನಿಮ್ಮಪ್ಪ ಆಕ್ತಾನಾ?’ ಅಂದ್ರು. ಅಲ್ಲಿಗೆ ಮಾತು ಮುಗೀತು. ಮಾಸ್ತರು ಮುಂದಿನ ಲಗ್ನದ ಕಾಲ ಬರೋ ಹೊತ್ತಿಗೆ ಮೈಸೂರಿಗೆ ಮಗಳ ಮನೆಗೆ ಹೊರಟುಹೋದ್ರು. ಹೋಗೋವಾಗ ಸಿದ್ದರಾಜು ಗಲ್ಲ ಹಿಡಿದು, ‘ಬೇಟಾ, ಒತ್ತಬೇಡ’ ಅಂದ್ರು.

ಕಳ್ಳದಾರಿ ಇದ್ದೇ ಇತ್ತು. ನಾನು ದನದ ಕೊಟ್ಟಿಗೆ, ಆಲೆಮನೆ, ಸ್ಕೂಲ್ ಹಿಂದಿನ ಗೋಡೆ ಎಲ್ಲಾ ಹುಡುಕ್ತಿದ್ದೆ. ವ್ಯಾನು ಕೆಟ್ಟಾಗ ಬಸ್ಸಲ್ಲಿ ಹೋಗ್ತಿದ್ವಲ್ಲ, ಆಗ ಬಾಯಿಪೀಸನ್ನ ಟವಲ್ ಒಳಗೆ ಮುಚ್ಚಿಕೊಂಡು ಝೇಂಕರಿಸ್ತಾ ಕೂರ್ತಿದ್ದೆ. ಒಂದು ಸಲ ಹೊಳೆನರಸೀಪುರದ ಬಸ್ಸು, ಜನ ಕಿಕ್ಕಿರಿದಿದ್ದಾರೆ. ಯಾರೋ ಹೆಂಗಸು, ‘ಅಯ್ಯೋ, ಎಜ್ಜೇನು!’ ಅಂತ ಕೂಗಿದ್ಲು. ಒಬ್ಬ ಟವಲ್ ಬೀಸಿದ, ಇನ್ನೊಬ್ಬ ಸೀಟಿನ ಮೇಲೆ ಹತ್ತಿದ. ಕಂಡಕ್ಟರ್ ಸೀಟಿ ಊದಿ ಬಸ್ಸು ನಿಲ್ಲಿಸಿ ಎಲ್ಲರನ್ನೂ ಕೆಳಗಿಳಿಸಿ ಸೀಟಿನ ಕೆಳಗೆಲ್ಲಾ ಹುಡುಕಿದ. ನಾನು ಬಾಯಿಪೀಸು ಜೇಬಿಗಿಟ್ಟು ನಾನೂ ಹುಡುಕಿದೆ! ಈಗ ನೆನೆಸಿಕೊಂಡ್ರೂ ನಗು ಬರುತ್ತೆ. ಆ ದಿನ ನಗದೇ ಇದ್ದೋನು ಸಿದ್ದರಾಜು ಒಬ್ಬನೇ. ನನ್ನ ಪರಿಚಯವೇ ಇಲ್ಲ ಅನ್ನೋ ಹಾಗೆ ರಸ್ತೆ ಆಚೆ ಹೋಗಿ ನಿಂತಿದ್ದ.

‘ಯಾಕ್ಲಾ ಮಾನ ಕಳೀತೀಯ? ಕೋಟ್ ಆಕ್ಕಂಡು ಕಳ್ಳನಂಗೆ ಟವಲ್ಲೊಳ್ಗೆ ಊದ್ತೀಯಲ್ಲ’ ಅಂದ.

‘ತುಟಿ ಉಳೀಬೇಕಲ್ಲಪ್ಪಾ’ ಅಂದೆ.

‘ಕೊಟ್ಟಿಗೇಲಿ ಸಗಣಿ ವಾಸ್ನೇಲಿ ನಿಂತ್ಕಂಡು ಊದೋಕೆ ನಾನು ಬ್ಯಾಂಡ್ ಸೇರ್ನಿಲ್ಲ ಕಣ. ಜಗಲಿ ಮೇಲೆ ನಿಂತು ಮಾಡೋಂಗಿದ್ರೆ ಮಾಡ್ತೀನಿ. ಅಡಗಿಕೊಂಡು ಮಾಡಾಕಿಲ್ಲ.’

ನಾನು ಜೇಬಿನ ಬಾಯಿಪೀಸನ್ನ ಮತ್ತೆ ಟವಲ್ಲಿಗೆ ಸುತ್ತಿಕೊಂಡು ಬಸ್ಸು ಹತ್ತಿದೆ.

ಆಮೇಲಿನ ವರ್ಷಗಳು ಅವನ ವರ್ಷಗಳೇ. ಹಾಸನದಿಂದ ಹಿಡಿದು ಅರಕಲಗೂಡಿನವರೆಗೂ ‘ಆ ಟ್ರಂಪೆಟ್ ಸಿದ್ದ ಬರ್ತಾನಾ?’ ಅಂತ ಕೇಳಿ ಬುಕ್ ಮಾಡೋರು. ಮೆರವಣಿಗೆ ನಡುವೆ ಎಲ್ಲರೂ ನಿಲ್ಲಿಸಿಬಿಡ್ತಿದ್ವಿ, ಅವನೊಬ್ಬನೇ ಆಕಾಶಕ್ಕೆ ಟ್ರಂಪೆಟ್ ಎತ್ತಿ ಮೇಲಿನ ಸ್ವರ ಹಿಡಿಯೋನು. ಹುಡುಗರು ಶಿಳ್ಳೆ ಹೊಡೀತಿದ್ರು. ಮಲಗಿದ್ದೋನು ಎದ್ದ ಕೂಡಲೇ ಊದಿದ್ರೂ ಸ್ವರ ಬಂದುಬಿಡ್ತಿತ್ತು. ಹರೆಯದ ಬಾಯಿ ಅದು, ಏನು ಮಾಡಿದ್ರೂ ಸಹಿಸಿಕೊಳ್ಳುತ್ತೆ. ಆದ್ರೆ ನಾನು ಪಕ್ಕದಲ್ಲೇ ನಿಲ್ತಿದ್ದವನು. ಅಂಗೈ ಮೇಲೆ ಇಟ್ಟು ಊದ್ತಿದ್ದೋನ ಬೆರಳುಗಳು ಬರಬರ್ತಾ ಟ್ರಂಪೆಟ್ಟನ್ನ ಹಿಂಡೋಕೆ ಶುರು ಮಾಡಿದ್ವು. ಮೇಲ್ದುಟಿ ಮೇಲೆ ಉಂಗುರದ ಗುರುತು ಬಿತ್ತು. ಮೊದಮೊದಲು ಸಂಜೆಗೆ ಮಾಯವಾಗೋದು, ಆಮೇಲೆ ಅದು ಹೋಗಲೇ ಇಲ್ಲ. ‘ಲೇ, ಮಾಸ್ತರು ಏನೇಳಿದ್ರು?’ ಅಂದ್ರೆ, ‘ಮಾಸ್ತರು ಮೈಸೂರಲ್ಲವ್ರೆ’ ಅಂತ ನಕ್ಕುಬಿಡೋನು.

ಅರಕಲಗೂಡಿನ ಆ ಮದುವೆ ಮಾಘಮಾಸದಲ್ಲಿ. ಹೆಣ್ಣಿನ ಕಡೆಯೋರು ಶುಂಠಿ ಬೆಳೆಯೋರು, ಆ ವರ್ಷ ಶುಂಠಿ ಕೈ ಹಿಡಿದಿತ್ತು, ಖರ್ಚಿಗೆ ಹಿಂದೆಮುಂದೆ ನೋಡಿರಲಿಲ್ಲ. ಹಿಂದಿನ ಸಂಜೆ ವರಪೂಜೆ ಮೆರವಣಿಗೇಲಿ ಸಿದ್ದರಾಜುನ ಬಿಡಲೇ ಇಲ್ಲ. ಇನ್ನೊಂದು, ಇನ್ನೊಂದು ಅಂತ ಊದಿಸಿದ್ರು. ಮುಗಿದ ಮೇಲೆ ಬಾಯಿ ತಣಿಸೋದೆಲ್ಲಿ, ಊಟಕ್ಕೆ ಕೊನೇ ಪಂಕ್ತಿ ಹಿಡಿಯೋದೇ ಆಯ್ತು. ಹೊರಗಿನ ಚಪ್ಪರದಲ್ಲಿ ಮಲಗಿದ್ವಿ. ಬೆಳಗಾಗುತ್ತಿದ್ದ ಹಾಗೆ ನೆಂಟರ ಬಸ್ಸು ಬಂತು. ‘ಏಳ್ರೋ, ಬೀಗ್ರು ಬಂದ್ರು, ಊದ್ರೋ!’ ಅಂತ ಯಾರೋ ಚಾಪೆ ಎಳೆದ್ರು.

ಮಾಘದ ಚಳಿ ನಿಮಗೆ ಗೊತ್ತಲ್ಲ. ಹಿತ್ತಾಳೆ ಮುಟ್ಟಿದ್ರೆ ಕೈ ಜುಂ ಅನ್ನುತ್ತೆ. ಸಿದ್ದರಾಜು ಎದ್ದು ತೊಟ್ಟಿ ನೀರಲ್ಲಿ ಮುಖ ತೊಳೆದ. ಅವನ ಮೇಲ್ದುಟಿ ಊದಿಕೊಂಡು ದಪ್ಪಗಾಗಿತ್ತು. ನಾನು, ‘ಬೇಡ ಕಣ್ಲಾ, ಚೂರು ತಡಿ, ಕ್ಲಾರಿನೆಟ್ನೋನು ಶುರು ಮಾಡ್ಲಿ’ ಅಂತ ತೋಳು ಹಿಡಕೊಂಡೆ. ‘ಬಾಗ್ಲಲ್ಲಿ ಬೀಗ್ರು ನಿಂತವ್ರೆ, ಕೈ ಬಿಡ್ಲಾ’ ಅಂತ ಕೊಡವಿಕೊಂಡು ಟೋಪಿ ಸರಿ ಮಾಡಿಕೊಂಡು ಮುಂದೆ ಹೋಗಿ ನಿಂತ. ಎತ್ತಿದವನೇ ನೇರ ಮೇಲಿನ ಸ್ವರಕ್ಕೇ ಕೈ ಹಾಕಿದ.

ಸ್ವರ ಬಂತು. ಒಂದು ಕ್ಷಣ, ಬಹಳ ಚೆನ್ನಾಗಿ ಬಂತು. ಆಮೇಲೆ ನಡುವೆ ಬಟ್ಟೆ ಹರಿದ ಹಾಗೆ ಆಗಿ ಬರೀ ಗಾಳಿ ಸುಯ್ ಅಂತು. ಅವನು ಟ್ರಂಪೆಟ್ ಇಳಿಸಿ ನನ್ನ ಕಡೆ ತಿರುಗಿದ. ಬಾಯಿಂದ ರಕ್ತ ಇಳೀತಿತ್ತು. ‘ಕೆಂಪಾ, ಒಳ್ಗೇನೋ ಅರಿದಂಗಾಯ್ತು ಕಣ’ ಅಂದ. ಹೆದರಿದ ಮಗುವಿನ ಮುಖ ಆಗಿತ್ತು ಅವನದು. ಅದಕ್ಕೆ ಹಿಂದಿನ ವರ್ಷ ಅವನ ಹೆಂಡತಿ ತೀರಿಕೊಂಡಿದ್ಲು, ಆಗಲೂ ನಾನು ಅಂಥ ಮುಖ ನೋಡಿರಲಿಲ್ಲ.

ಹಾಸನದಲ್ಲಿ ಡಾಕ್ಟರು ನೋಡಿದ್ರು. ಹೊರಗಿನ ಗಾಯ ವಾಸಿ ಆಗುತ್ತೆ, ಒಳಗೆ ತುಟಿ ಸುತ್ತ ಇರೋ ಸ್ನಾಯು ಹರಿದಿದೆ, ಮಾತಾಡೋಕೆ ಉಣ್ಣೋಕೆ ತೊಂದರೆ ಇಲ್ಲ, ಊದೋದು ಮರೆತುಬಿಡಿ ಅಂದ್ರು. ಸಿದ್ದರಾಜು, ‘ಊಟಕ್ಕೇನು ಬುಡಿ ಸಾ’ ಅಂದ. ಶಿವನಂಜಪ್ಪನವರು ಹೇಳಿದ ಮಾತಿನ ಹಾಗೆ ಔಷಧಿ ಕೊಡಿಸಿದ್ರು, ಅದನ್ನ ಇಲ್ಲ ಅನ್ನೋ ಹಾಗಿಲ್ಲ. ಕೆಲಸವನ್ನೂ ಕೊಟ್ರು. ಕೈಯಲ್ಲಿ ಝಲ್ ಝಲ್ ಅಂತ ಅಲ್ಲಾಡಿಸೋ ಗಿಲಕಿ ಇರುತ್ತಲ್ಲ, ಅದನ್ನ ಆಡಿಸು ಅಂದ್ರು. ಅವನು ಅದನ್ನ ತಿರುಗಿಸಿ ಮುರುಗಿಸಿ ನೋಡಿ ಮೇಜಿನ ಮೇಲಿಟ್ಟ. ಕೋಟು ಬಿಚ್ಚಿ ಮಡಿಸಿ ಅದರ ಪಕ್ಕ ಇಟ್ಟ. ಮಾರನೇ ವಾರದಿಂದ ಅದೇ ಮಂಡೀಲಿ ಕಾಯಿ ಮೂಟೆ ಹೊರೋಕೆ ನಿಂತ. ನಾವು ಕೊಟ್ಟಿಗೇಲಿ ಅಭ್ಯಾಸ ಮಾಡೋ ಹೊತ್ತಿಗೆ ಸರಿಯಾಗಿ ಲಾರಿ ಕಡೆ ಹೋಗಿಬಿಡೋನು. ಸ್ವಲ್ಪ ಕಾಲ ಆದ ಮೇಲೆ ಮಂಡಿಯನ್ನೂ ಬಿಟ್ಟ, ಹಾಸನದ ಕಡೆ ಹೋದ ಅಂದ್ರು.

ಈ ವಿಷಯದಲ್ಲಿ ಯಾರನ್ನ ಬೈಯಲಿ ಹೇಳಿ? ಆ ಅಜ್ಜಿಗೆ ಮೊಮ್ಮಗಳ ಶುಭ ಬೇಕಿತ್ತು. ಸಾಹುಕಾರರಿಗೆ ಹೆಸರು ಬೇಕಿತ್ತು. ಸಿದ್ದರಾಜುಗೆ ತಲೆ ಎತ್ತಿ ನಿಲ್ಲಬೇಕಿತ್ತು. ಯಾರು ಕೇಳಿದ್ದೂ ತಪ್ಪಲ್ಲ. ಆದ್ರೆ ಸುಡುಗಾಡಿನಂಥ ಆ ಒಂದು ನಂಬಿಕೆಗೆ ಎಂಥ ಬಾಯಿ ಹಾಳಾಯ್ತಲ್ಲಾ ಅಂತ ನನಗೆ ಈಗಲೂ ಹೊಟ್ಟೆ ಉರಿಯುತ್ತೆ.

ಕಾಲ ಬದಲಾಗಿದ್ದು ನೀವೇ ನೋಡಿದ್ದೀರಿ. ಮೊದಲು ಕೀಬೋರ್ಡ್ ಬಂತು, ಆಮೇಲೆ ಗಾಡಿ ಮೇಲೆ ಸ್ಪೀಕರ್ ಪೆಟ್ಟಿಗೆ ಬಂತು. ‘ನಿಮ್ ದೊಡ್ ವಾದ್ಯ ಬ್ಯಾಡ ಸಾ, ಅದ್ರ ದನಿ ಎಲ್ಲಾ ಇದ್ರಲ್ಲೇ ಐತೆ’ ಅಂತ ಕೀಬೋರ್ಡಿನವನು ಒಂದು ಗುಂಡಿ ಒತ್ತಿ ತೋರಿಸಿದ. ಇತ್ತು, ನಿಜ. ಅಷ್ಟರಲ್ಲಿ ನನ್ನ ಮುಂದಿನ ಹಲ್ಲುಗಳೂ ಅಲ್ಲಾಡೋಕೆ ಶುರುವಾಗಿದ್ವು. ಹಲ್ಲು ಕೀಳಿಸಿಕೊಂಡು ಯುಫೋನಿಯಮ್ಮನ್ನ ಮಂಡಿಗೆ ಕೊಟ್ಟು ಮನೆಗೆ ಬಂದೆ. ಹಾರ ಇಲ್ಲ, ಶಾಲು ಇಲ್ಲ, ನಮ್ಮ ಕೆಲಸದಲ್ಲಿ ನಿವೃತ್ತಿ ಅಂದ್ರೆ ಇಷ್ಟೇ.

ಮೊನ್ನೆ ಹಾಸನದಲ್ಲಿ ನಮ್ಮ ಪಕ್ಕದ ಮನೆಯವರ ಮಗಳ ಮದುವೆ. ಹೈವೇ ಪಕ್ಕದ ಕಲ್ಯಾಣ ಮಂಟಪ. ನಾನು ಸ್ವಲ್ಪ ಬೇಗನೇ ಹೋಗಿದ್ದೆ. ಕೈಕಾಲು ತೊಳೆಯೋಕೆ ಅಂತ ಅಡುಗೆಮನೆ ಹಿಂದಕ್ಕೆ ಹೋದ್ರೆ ಅಲ್ಲಿ ನೀರಿನ ಡ್ರಮ್ಮಿನ ಪಕ್ಕ, ತರಕಾರಿ ಕ್ರೇಟು ಬೋರಲು ಹಾಕ್ಕೊಂಡು ಕೆಂಪು ಕೋಟಿನವನೊಬ್ಬ ನನಗೆ ಬೆನ್ನು ಮಾಡಿ ಕೂತಿದ್ದ. ಕೈಯಲ್ಲಿ ಟ್ರಂಪೆಟ್ಟು. ದನಿ ಇಲ್ಲ. ಬರೀ ಉಸಿರು ಕೊಡ್ತಿದ್ದ, ನಿಧಾನಕ್ಕೆ, ಉದ್ದಕ್ಕೆ. ಭುಜ ಒಂದು ಚೂರೂ ಅಲ್ಲಾಡ್ತಿಲ್ಲ. ಈ ಕಾಲದ ಯಾವ ಹುಡುಗ ಹಂಗೆ ಉಸಿರಾಡ್ತಾನೆ?

‘ಲೇ ಸಿದ್ದಾ!’

ತಿರುಗಿದ. ಕೂದಲೆಲ್ಲಾ ಬೆಳ್ಳಗಾಗಿದೆ, ಮೀಸೆ ಕೆಳಗೆ ಅದೇ ಉಂಗುರದ ಗುರುತು. ತಬ್ಬಿಕೊಂಡೆ. ‘ಊದ್ತೀಯೇನ್ಲಾ ಮತ್ತೆ? ತುಟಿ ಕೂಡ್ಕತಾ? ಅಯ್ಯೋ ನಿನ್ನ, ಒಂದ್ ಮಾತು ಹೇಳಿ ಕಳಿಸಬಾರದಿತ್ತಾ?’ ಅಂತ ಸುಮ್ಮನೆ ಒದರಿದೆ. ಅವನು ನನ್ನ ಬೆನ್ನು ಸವರಿ, ‘ಒಳಿಕ್ಕೆ ಓಗಿ ಕಾಫಿ ಕುಡಿ ಕಣ, ಆಮ್ಯಾಕೆ ಮಾತಾಡಾನ’ ಅಂದ. ಹೊರಗಿಂದ ಯಾರೋ ಬ್ಯಾಂಡಿನವರನ್ನ ಕೂಗಿದ್ರು, ಹೋದ.

ನಾನು ಒಳಗೆ ಕೂತು ಕಾಫಿ ಹಿಡಿದಿದ್ದೆ. ಹೊರಗೆ ಗಂಡಿನ ಮೆರವಣಿಗೆ ಶುರುವಾಯ್ತು. ಟ್ರಂಪೆಟ್ ಏರಿತು ನೋಡಿ, ಶುದ್ಧ ಸ್ವರ, ಮೇಲಕ್ಕೆ, ಇನ್ನೂ ಮೇಲಕ್ಕೆ. ನನಗೆ ಕಣ್ಣಲ್ಲಿ ನೀರೇ ಬಂದ್ಬಿಡ್ತು. ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಮನುಷ್ಯನಿಗೆ, ‘ಅವನು ನಮ್ಮೂರೋನು ಕಣ್ರೀ, ನಮ್ಮ ಸಿದ್ದ’ ಅಂದೆ. ಇಷ್ಟು ವರ್ಷ ಊದಿದ ನನ್ನ ಕಿವಿಗೆ ಒಂದು ವಿಷಯ ಹೊಳೀಲಿಲ್ಲ. ಆ ದನಿ ಎಲ್ಲೂ ಉಸಿರು ತಗೊಳ್ಳೋಕೆ ನಿಲ್ಲಲೇ ಇಲ್ಲ.

ಲೋಟ ಇಟ್ಟು ಹೊರಗೆ ಓಡಿ ಬಂದೆ. ಗಾಡಿ ಮೇಲೆ ಆಳೆತ್ತರದ ಸ್ಪೀಕರುಗಳು. ಕೀಬೋರ್ಡ್ ಹುಡುಗ ಒಬ್ಬ. ಮುಂದೆ ಕೆಂಪು ಕೋಟಿನವರು ನಾಲ್ವರು, ಟ್ರಂಪೆಟ್ ಬಾಯಿಗಿಟ್ಟುಕೊಂಡು ಸಾಲಾಗಿ ನಡೀತಿದ್ದಾರೆ. ಎಲ್ಲರ ಮುಂದೆ ಸಿದ್ದರಾಜು, ತಲೆ ಎತ್ತಿ. ಉಳಿದ ಮೂವರ ಬೆರಳು ಸುಮ್ಮನೆ ಗುಂಡಿ ಮೇಲೆ ಕೂತಿದ್ವು. ಇವನ ಬೆರಳು ಮಾತ್ರ ಒಂದೊಂದು ಸ್ವರಕ್ಕೂ ಸರಿಯಾಗಿ ಏಳ್ತಿತ್ತು, ಬೀಳ್ತಿತ್ತು.

ನಾನು ನೋಡ್ತಾ ನಿಂತಿದ್ದ ಹಾಗೇ ಕುಣಿಯೋ ಹುಡುಗರಲ್ಲಿ ಯಾರದೋ ಕಾಲಿಗೆ ವೈರು ಸಿಕ್ಕಿತು. ದಪ್ ಅಂತ ಎಲ್ಲಾ ನಿಂತುಹೋಯ್ತು. ಮೂವರು ಟ್ರಂಪೆಟ್ ಇಳಿಸಿ ಹಲ್ಲು ಕಿರಿದ್ರು. ಸಿದ್ದರಾಜು ಇಳಿಸಲಿಲ್ಲ. ಕಣ್ಣು ಮುಚ್ಚಿ ಉಸಿರು ತಗೊಂಡ, ಹೊಟ್ಟೆ ತುಂಬ. ಅವನು ಊದಿದ. ಬೆರಳು ನಡೀತಿತ್ತು, ಕತ್ತಿನ ನರ ಎದ್ದು ನಿಂತಿತ್ತು, ಟ್ರಂಪೆಟ್ಟಿನಿಂದ ಸೈಕಲ್ ಟ್ಯೂಬಿನ ಗಾಳಿ ಬಿಟ್ಟಷ್ಟು ಸದ್ದೂ ಬರಲಿಲ್ಲ. ‘ತಾತಾ, ಚಾರ್ಜ್ ಕಾಲಿ!’ ಅಂತ ಒಬ್ಬ ಹುಡುಗ ಮೊಬೈಲ್ ಹಿಡಿದು ಕೂಗಿದ. ಎಲ್ಲರೂ ಗೊಳ್ ಅಂದ್ರು. ಯಾರೋ ಮತ್ತೆ ವೈರು ಸಿಕ್ಕಿಸಿದ್ರು, ಹಾಡು ನಿಂತಲ್ಲಿಂದ ಹೊರಟಿತು.

ಮೆರವಣಿಗೆ ಬಾಗಿಲು ಮುಟ್ಟಿದ ಮೇಲೆ ಅವನನ್ನ ಅದೇ ನೀರಿನ ಡ್ರಮ್ಮಿನ ಹತ್ತಿರ ಹಿಡಿದೆ. ‘ಸುಮ್ನೆ ಹಿಡ್ಕಂಡು ನಡೆಯೋ ಕೆಲಸಕ್ಕೆ ಯಾಕ್ಲಾ ಬೆಳಗ್ಗೆ ಅಷ್ಟೊತ್ತು ಕೂತು ಬಿಸಿ ಮಾಡ್ಕತಿದ್ದೆ?’ ಅಂದೆ.

ಅವನು ಕ್ರೇಟಿನ ಮೇಲೆ ಕೂತು ಟೋಪಿ ತೆಗೆದು ಒಳಗಿನ ಬೆವರು ಒರೆಸಿದ.

‘ಎಲ್ಲಾ ಮದ್ವೇಲೂ ಮಾಡ್ಕತೀನಿ ಕಣ್ಲಾ. ಯಾವತ್ತಾರ ಕರೆಂಟ್ ಓದ್ರೆ ನಾನೇ ಊದಾನ ಅಂತ. ಇವತ್ತು ಓಯ್ತು.’

ಒಳಗಿಂದ ಯಾರೋ, ‘ಬ್ಯಾಂಡಿನೋರು ಊಟಕ್ಕೆ ಬನ್ನಿ’ ಅಂತ ಕರೆದ್ರು. ಸಿದ್ದರಾಜು ಟೋಪಿ ಹಾಕ್ಕೊಂಡು ಎದ್ದ. ನಾನು ಅವನ ಜೊತೆ ಹೋಗಿ ಅವನ ಪಕ್ಕದ ಎಲೆಗೆ ಕೂತೆ.